ಪರದೆಯ ಕೆಳತುದಿಯ ಮಹಾಸ್ವಾಮಿಗಳಿಗೊಂದು ಬಿನ್ನಹ

ಪರದೆಯ ಕೆಳತುದಿಯಲ್ಲಿ ಬಿಜಯಂಗೈದಿರುವ, ಆಟಗಾರನ ಅನುಭವದ ಅಂಕಗಳಿಂದ ತುಂಬಿ ಒಂದು ಲೆವೆಲ್ ಏರಿಸಿದ ಕ್ಷಣವೇ ಬರಿದಾಗುವ, ಸಕಲ ಆನ್‌ಲೈನ್ ರೋಲ್‌ಪ್ಲೇಯಿಂಗ್ ಗೇಮ್‌ಗಳ ಅಧಿದೈವವಾದ ಶ್ರೀಮನ್ಮಹಾರಾಜ ಎಕ್ಸ್‌ಪಿ ಬಾರ್ ಅವರ ಸನ್ನಿಧಾನಕ್ಕೆ,

ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ತಾವು ಕ್ಷೇಮವೆಂಬುದು ನನಗೆ ಚೆನ್ನಾಗಿ ಗೊತ್ತು. ಎಚ್ಚರವಿದ್ದಷ್ಟು ಹೊತ್ತೂ ತಮ್ಮನ್ನೇ ನೋಡುತ್ತಿರುತ್ತೇನಲ್ಲ. ನನ್ನ ಕ್ಷೇಮವನ್ನು ತಾವು ವಿಚಾರಿಸಿದ್ದಿಲ್ಲ, ಆದರೂ ಅರಿಕೆ ಮಾಡಿಕೊಳ್ಳುತ್ತೇನೆ: ಕಣ್ಣು ಉರಿಯುತ್ತಿದೆ, ಮಣಿಕಟ್ಟು ನೋಯುತ್ತಿದೆ, ಭಕ್ತಿ ಮಾತ್ರ ಕುಂದಿಲ್ಲ.

ತಮ್ಮದು ದೊಡ್ಡ ಮನೆತನ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದಾಗ ತಮ್ಮ ಪೂರ್ವಜರು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದ ಅಂಕಿಗಳಾಗಿದ್ದರು. ಗುಹೆಯಿಂದ ಚಿನ್ನ ತಂದರೆ ನಾಣ್ಯಕ್ಕೊಂದರಂತೆ ಅಂಕ. ರಾಕ್ಷಸನ ತಂಟೆಗೇ ಹೋಗದೆ, ಅವನ ಕಣ್ಣು ತಪ್ಪಿಸಿ ಗಂಟು ಎತ್ತಿಕೊಂಡು ಬಂದವನೂ ಮೇಲೇರುತ್ತಿದ್ದ. ಬುದ್ಧಿಗೆ ಬೆಲೆ ಕೊಡುವ ಆ ಹಳೆಯ ದೌರ್ಬಲ್ಯವನ್ನು ತಾವು ಕಾಲಕ್ರಮದಲ್ಲಿ ಕಳೆದುಕೊಂಡಿರಿ. ಈಗ ತಮ್ಮ ಸೇವೆಗೆ ಬುದ್ಧಿ ಬೇಕಿಲ್ಲ, ಕೂರುವ ತಾಳ್ಮೆಯಿದ್ದರೆ ಸಾಕು. ನನ್ನಂಥ ಸಾಮಾನ್ಯರ ಮೇಲಿನ ಈ ಕರುಣೆಗೆ ಮೊದಲ ವಂದನೆ.

ತಮ್ಮ ಸೇವೆಯ ವಿಧಾನವಂತೂ ಎಷ್ಟು ಸರಳ! ನಾನಾಡುವ ಆಟದ ಹೆಸರು ಇಲ್ಲಿ ಬೇಡ. ತಲೆಯ ಮೇಲೆ ಹಳದಿ ಆಶ್ಚರ್ಯಸೂಚಕ ಹೊತ್ತ ರೈತನೊಬ್ಬ ಕಾಡುಹಂದಿಯ ಕೋರೆಹಲ್ಲು ಕೇಳುತ್ತಾನೆ. ಹೊರಡುತ್ತೇನೆ. ಒಂದನೆಯ ಕೀ, ಎರಡನೆಯದು, ಮತ್ತೆ ಎರಡನೆಯದು, ಮೂರನೆಯದು. ಹಂದಿ ಗುರ್ ಎಂದು ಮಗ್ಗುಲಾಗುತ್ತದೆ. ಬಗ್ಗಿ ತಡಕುತ್ತೇನೆ: ಒಂದು ತಾಮ್ರದ ಕಾಸು, ಒಂದು ಹರಕು ಚರ್ಮ. ಕೋರೆಹಲ್ಲಿಲ್ಲ. ಇಡೀ ಹೊತ್ತು ಅದರಿಂದಲೇ ತಿವಿಸಿಕೊಂಡಿದ್ದೇನೆ, ಆದರೂ ಇಲ್ಲ. ಆ ಹಿಂಡು ಮುಗಿಸಿ ತಿರುಗುವಷ್ಟರಲ್ಲಿ ಮೊದಲು ಸತ್ತದ್ದು ಅದೇ ಜಾಗದಲ್ಲಿ ಎದ್ದು ಹುಲ್ಲು ಮೇಯುತ್ತಿರುತ್ತದೆ. ಹಿಂದೆ ನಿಂತು ನೋಡಿದ ಅಮ್ಮ, “ನಿನ್ನೆ ಹೊಡೆದಿದ್ದ ಹಂದಿ ಅಲ್ವೇನೋ ಇದು?” ಅಂದರು. ಹೌದು ಅನ್ನುವ ಧೈರ್ಯ ನನಗಾಗಲಿಲ್ಲ. ಕೋರೆಹಲ್ಲಿಲ್ಲದೆಯೇ ತಿವಿಯುವ ಇಂಥ ವೈಜ್ಞಾನಿಕ ಅದ್ಭುತ ತಮ್ಮ ರಾಜ್ಯದಲ್ಲೆಲ್ಲ ಇದೆಯಂತೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಬ್ಯಾರೆನ್ಸ್ ಬಯಲಿನಲ್ಲಿ ಝೆವ್ರಾ ಎಂಬ ಪ್ರಾಣಿಯ ನಾಲ್ಕು ಗೊರಸು ತರಬೇಕಿತ್ತು. ನಾಲ್ಕು ಕಾಲಿನ ಪ್ರಾಣಿ ಒಂದನ್ನು ಕೊಂದರೆ ಕೆಲಸ ಮುಗಿಯಿತು ಎಂದುಕೊಂಡ ಮೂಢರಿಗೆ, ಗೊರಸೇ ಇಲ್ಲದೆ ಓಡಾಡುವ ಝೆವ್ರಾಗಳೂ ಉಂಟೆಂದು ತೋರಿಸಿಕೊಟ್ಟಿರಿ.

ಗಣಿತ ಕಲಿಸಿದ್ದಕ್ಕೂ ಋಣಿ. ವಾರ್‌ಕ್ರಾಫ್ಟ್‌ನ 2004ರ ಮೂಲ ಲೆಕ್ಕದಲ್ಲಿ ಒಂದನೆಯ ಲೆವೆಲ್ ದಾಟಲು 400 ಅಂಕ. ಸಮಬಲದ ಪ್ರಾಣಿ ಒಂದಕ್ಕೆ 50. ಎಂಟು ಹೊಡೆದರೆ ಮುಗಿಯಿತು. 59ರಿಂದ 60ಕ್ಕೆ ಏರಲು 2,09,800 ಅಂಕ, ಪ್ರಾಣಿಯೊಂದಕ್ಕೆ 340. ಬರೀ ಬೇಟೆಯಲ್ಲೇ ಏರುವೆನೆಂದರೆ 618ನೆಯ ಹೆಣ ಬೀಳಬೇಕು. ‘ರೂನ್‌ಸ್ಕೇಪ್’ನ ಕೃಪೆ ಇನ್ನೂ ಮಿಗಿಲು. ಅಲ್ಲಿ ಒಂದು ಕಸುಬಿನ 99ನೆಯ ಲೆವೆಲ್‌ಗೆ 1,30,34,431 ಅಂಕ ಬೇಕು. ಅದರ ಅರ್ಧ ಕೂಡಿಬರುವುದು 92ನೆಯ ಲೆವೆಲ್‌ನಲ್ಲಿ. ನೂರಕ್ಕೆ ತೊಂಬತ್ತೆರಡು ತಂದ ಹುಡುಗನ ಬೆನ್ನು ತಟ್ಟಿ “ಭೇಷ್, ಇನ್ನರ್ಧ ಓದು” ಅನ್ನುವ ಮೇಷ್ಟ್ರು ನಮ್ಮೂರಿನಲ್ಲಿ ಇದುವರೆಗೆ ಹುಟ್ಟಿಲ್ಲ.

ತಾವು 96 ಪರ್ಸೆಂಟ್ ತೋರಿಸುತ್ತಿರುವಾಗ ಮಲಗಲು ಏಕೆ ಮನಸ್ಸಾಗುವುದಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು. 1930ರ ದಶಕದಲ್ಲಿ ಕ್ಲಾರ್ಕ್ ಹಲ್ ಎಂಬ ಮನಶ್ಶಾಸ್ತ್ರಜ್ಞರು ಇಲಿಗಳನ್ನು ಓಣಿಯಲ್ಲಿ ಓಡಿಸಿ, ಆಹಾರ ಹತ್ತಿರವಾದಂತೆ ಅವು ಜೋರಾಗಿ ಓಡುವುದನ್ನು ಅಳೆದಿದ್ದರು. ಹತ್ತು ಇಲಿ ಹೊಡೆದು ಬಾ ಎಂದು ಈ ಆಟಗಳು ಹೊಸಬರನ್ನು ಕಳಿಸುವುದು ಹಳೆಯ ವಾಡಿಕೆ. ಇಲಿ ಯಾರೆಂದು ಸ್ವಲ್ಪ ತಡವಾಗಿ ತಿಳಿಯಿತು, ಅಷ್ಟೆ.

ತಮ್ಮ ದಯೆಯ ಕಥೆಗಳನ್ನೂ ಸ್ಮರಿಸಬೇಕು. 1999ರ ‘ಎವರ್‌ಕ್ವೆಸ್ಟ್’ನಲ್ಲಿ ಸತ್ತವನ ಅಂಕ ಕತ್ತರಿಸಿ, ಕೆಲವೊಮ್ಮೆ ಲೆವೆಲ್ಲನ್ನೇ ಇಳಿಸಿ, ತನ್ನ ಹೆಣವನ್ನು ತಾನೇ ಹುಡುಕಿಕೊಂಡು ಹೋಗುವಂತೆ ಮಾಡುತ್ತಿದ್ದಿರಿ. ವಾರ್‌ಕ್ರಾಫ್ಟ್ ಹೊತ್ತಿಗೆ ಮೃದುವಾದಿರಿ. ಅದರ ಪರೀಕ್ಷಾ ಹಂತದಲ್ಲಿ ಬಹಳ ಹೊತ್ತು ಆಡಿದವರ ಗಳಿಕೆ ಅರ್ಧಕ್ಕೆ ಇಳಿಯುವ ನಿಯಮವಿತ್ತು. ಜನ ಗೊಣಗಿದರು. ಆಗ ಆ ಅರ್ಧಕ್ಕೇ ‘ಪೂರ್ತಿ’ ಎಂದು ಹೆಸರಿಟ್ಟು, ಮೊದಲಿದ್ದ ಪೂರ್ತಿಯನ್ನು ‘ವಿಶ್ರಾಂತಿ ಪಡೆದವರಿಗೆ ಎರಡರಷ್ಟು’ ಎಂದು ಘೋಷಿಸಲಾಯಿತು. ಲೆಕ್ಕ ಹೆಚ್ಚುಕಡಿಮೆ ಅದೇ. ಎಲ್ಲರೂ ಕೈಮುಗಿದರು. ನಾನೂ ಮುಗಿಯುತ್ತೇನೆ.

ನಾನು ಬೆಳೆದಂತೆ ಲೋಕವೇ ಬೆಳೆಯುವ ಏರ್ಪಾಡಿನ ಬಗ್ಗೆ ಮಾತ್ರ ಒಂದು ಸಣ್ಣ ಸಂದೇಹ. ‘ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ 2016ರಿಂದ ತನ್ನ ಇಡೀ ಲೋಕವನ್ನು ಆಟಗಾರನ ಮಟ್ಟಕ್ಕೆ ಹೊಂದಿಸಿತು. ಎಲ್ಲಿಗೆ ಬೇಕಾದರೂ ಯಾರೊಂದಿಗೆ ಬೇಕಾದರೂ ಹೋಗಬಹುದು, ಸೌಲಭ್ಯವೇ ಸರಿ. ಆದರೆ ನನ್ನ ಕತ್ತಿ ಹರಿತವಾದಷ್ಟೂ ಹಂದಿಯ ಚರ್ಮ ದಪ್ಪವಾಗುವುದಾದರೆ, ಏರಿದ್ದು ಯಾರು ಸ್ವಾಮಿ?

ಇಷ್ಟಾದರೂ ನಾವು ತಮ್ಮನ್ನು ಬಿಡಲಿಲ್ಲ. ಕಾರಣ ಹೇಳಬೇಕು. ಬೇಸರವೇನೋ ನಿಜ, ಆದರೆ ಆ ಬೇಸರದಲ್ಲಿ ಪಂಕ್ತಿಭೇದವಿರಲಿಲ್ಲ. ತಮ್ಮ ಮುಂದೆ ಶಿಫಾರಸು ನಡೆಯುತ್ತಿರಲಿಲ್ಲ. ಯಾರ ಮಗ, ಯಾವ ಊರು ಎಂದು ತಾವು ಕೇಳಲಿಲ್ಲ. ಆಫೀಸಿನಲ್ಲಿ ದುಡಿದದ್ದು ಯಾರದೋ ಹೆಸರಿಗೆ ಹೋಗುತ್ತದೆ. ಇಲ್ಲಿ ಹೊಡೆದ ಹಂದಿ ಹೊಡೆದವನದೇ ಖಾತೆಗೆ. 2019ರಲ್ಲಿ ವಾರ್‌ಕ್ರಾಫ್ಟ್‌ನ ಹಳೆಯ, ನಿಧಾನದ ರೂಪ ‘ಕ್ಲಾಸಿಕ್’ ಎಂದು ಮರಳಿದಾಗ, ಹೊಡೆಯಬೇಕಾದ ಒಂದೇ ಪ್ರಾಣಿಗಾಗಿ ಆಟಗಾರರು ತಾವಾಗಿಯೇ ಸಾಲುಗಟ್ಟಿ ನಿಂತರು. ಖಡ್ಗಧಾರಿ ವೀರರು, ಮಂತ್ರವಾದಿಗಳು, ಎಲ್ಲರೂ ಒಬ್ಬರ ಹಿಂದೊಬ್ಬರು, ತಮ್ಮ ಸರದಿಗೆ ಕಾಯುತ್ತ! ಆ ಸಾಲಿನಲ್ಲಿ ನಡುವೆ ನುಗ್ಗಲು ಯಾರಿಗೂ ವಿಐಪಿ ಪಾಸ್ ಇರಲಿಲ್ಲ.

ಆ ಪಾಸನ್ನೂ ತಮ್ಮ ದೇವಸ್ಥಾನದಲ್ಲೇ ಮಾರಿದ್ದನ್ನು ನೆನೆದರೆ ಮೈ ಪುಳಕಗೊಳ್ಳುತ್ತದೆ. 2005ರ ಹೊತ್ತಿಗೆ ಚೀನಾದಲ್ಲಿ ಬಡ ಯುವಕರು ಪಾಳಿಯ ಮೇಲೆ ಕೂತು ಪರದೇಶದ ಶ್ರೀಮಂತರ ಪಾತ್ರಗಳನ್ನು ಮೇಲೇರಿಸಿ ಕೊಡುತ್ತಿದ್ದರು. ಹಾಗೆ ಕೊಂಡ ಲೆವೆಲ್ ಮಹಾಪರಾಧ. ಸಿಕ್ಕಿಬಿದ್ದರೆ ಖಾತೆಗೆ ಬೀಗ. 2014ರಲ್ಲಿ ವಾರ್‌ಕ್ರಾಫ್ಟ್ ತಾನೇ ಅಂಗಡಿ ತೆರೆಯಿತು: 60 ಡಾಲರ್ ಕೊಟ್ಟರೆ ನೇರ 90ನೆಯ ಲೆವೆಲ್. ತಿಂಗಳಿಗೆ ಸುಮಾರು 15 ಡಾಲರ್ ಚಂದಾ ಆಡುವುದಕ್ಕೆ, 60 ಡಾಲರ್ ಆಡದಿರುವುದಕ್ಕೆ! ಬೇಸರವನ್ನು ಹುಟ್ಟಿಸುವವರೂ ಬೇಸರಕ್ಕೆ ಮದ್ದು ಮಾರುವವರೂ ಒಬ್ಬರೇ ಆದ ಮೇಲೆ, ಹಾದಿ ಏಕಿಷ್ಟು ಉದ್ದ ಎಂದು ಕೇಳುವುದು ಅಧಿಕಪ್ರಸಂಗವಾದೀತು.

ಕೆಲಸದಿಂದ ನಮ್ಮನ್ನೇ ಬಿಡುಗಡೆ ಮಾಡಿದ್ದಕ್ಕೂ ಕೃತಜ್ಞತೆ ಸಲ್ಲಬೇಕು. 2002ರಲ್ಲಿ ಎರಿಕ್ ಫ್ರೆಡ್ರಿಕ್ಸನ್ ಎಂಬವರು ‘ಪ್ರೋಗ್ರೆಸ್ ಕ್ವೆಸ್ಟ್’ ಬರೆದರು. ಆಡುವವರು ಏನೂ ಮಾಡಬೇಕಿಲ್ಲ, ತಾವು ತುಂಬುವುದನ್ನು ನೋಡುತ್ತ ಕೂತರಾಯಿತು. ಅದು ತಮಾಷೆಗೆ ಮಾಡಿದ್ದು. 2016ರಲ್ಲಿ ಕೊರಿಯಾದಲ್ಲಿ ಬಂದ ‘ಲಿನಿಯೇಜ್ 2: ರೆವಲ್ಯೂಷನ್’ ಎಂಬ ಮೊಬೈಲ್ ಆಟದಲ್ಲಿ ಪಾತ್ರ ತಾನೇ ನಡೆದು, ತಾನೇ ಹೊಡೆದು ಮುಗಿಸುತ್ತದೆ, ಅದು ವ್ಯಾಪಾರಕ್ಕೆ ಮಾಡಿದ್ದು. ವ್ಯತ್ಯಾಸ ನಗುವವರಲ್ಲಿ ಮಾತ್ರ.

ಕೊನೆಗೆ ಪಾದಕ್ಕೆರಗಿ ಮೂರು ಬಿನ್ನಹ.

ಒಂದು: ಲೆವೆಲ್ ಏರಿದಾಗ ಹೊಸದೇನಾದರೂ ಮಾಡಲು ಬರಲಿ. ಗೋಡೆ ಹತ್ತುವುದೋ, ಹಂದಿಯ ಜೊತೆ ರಾಜಿಯಾಗುವುದೋ, ಯಾವುದಾದರೂ ಸರಿ. ಅಂಕಿ ಮಾತ್ರ ಬೆಳೆಯುವುದಾದರೆ ನಮಗೆ ಕ್ಯಾಲ್ಕ್ಯುಲೇಟರ್ ಸಾಕು.

ಎರಡು: ಹಾದಿಯನ್ನು ಚಿಕ್ಕದು ಮಾಡಿದರೂ ರಾಜ್ಯ ಮುಳುಗದು. 2005ರ ‘ಗಿಲ್ಡ್ ವಾರ್ಸ್’ 20ನೆಯ ಲೆವೆಲ್ಲಿಗೇ ನಿಲ್ಲಿಸಿತು. ಮುಂದೆ ಆಟಗಾರನ ಜಾಣ್ಮೆಯೇ ಬಂಡವಾಳ. ಅದು ತಿಂಗಳ ಚಂದಾ ಕೇಳುತ್ತಿರಲಿಲ್ಲ ಎಂಬುದು ಕೇವಲ ಕಾಕತಾಳೀಯವೆಂದು ನಂಬಲು ನನ್ನ ಭಕ್ತಿ ಸಿದ್ಧವಿದೆ, ಬುದ್ಧಿ ಒಪ್ಪುತ್ತಿಲ್ಲ.

ಮೂರು: ತುದಿ ಎಂದಮೇಲೆ ತುದಿಯಾಗಿರಲಿ. ವಾರ್‌ಕ್ರಾಫ್ಟ್ 60ರಿಂದ 70, 80 ಎನ್ನುತ್ತ 2018ಕ್ಕೆ 120ರವರೆಗೆ ಹತ್ತಿಸಿ, 2020ರಲ್ಲಿ ಎಲ್ಲವನ್ನೂ ಕುಗ್ಗಿಸಿ ಮತ್ತೆ 60ಕ್ಕೇ ತುದಿಯನ್ನು ತಂದು ನಿಲ್ಲಿಸಿತು. ಹದಿನಾರು ವರ್ಷ ಹತ್ತಿದವರು ಹೊರಟಾಗ ಇದ್ದ ತುದಿಗೇ ಬಂದು ಸೇರಿದರು. ವೈರಾಗ್ಯ ಬೋಧಿಸುವುದೇ ತಮ್ಮ ಉದ್ದೇಶವಾಗಿದ್ದರೆ ಮೊದಲೇ ಹೇಳಬಹುದಿತ್ತು. ಅದಕ್ಕೆ ನಮ್ಮಲ್ಲಿ ಮಠಗಳಿವೆ, ಮಧ್ಯಾಹ್ನ ಊಟವನ್ನೂ ಹಾಕುತ್ತಾರೆ.

ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಇಂತಿ,
ಸಂಬಳವಿಲ್ಲದೆ, ತಾನೇ ತಿಂಗಳ ಚಂದಾ ಕಟ್ಟಿ ದುಡಿಯುವ
ತಮ್ಮ ವಿಧೇಯ ಸೇವಕ