ಜೋಪಾನ, ಒಳಗೆ ಮರಿಗಳಿವೆ!

ನಾಯಿ-ಬೆಕ್ಕುಗಳನ್ನು ಕಾಪಾಡಿ ಹೊಸ ಮನೆ ಹುಡುಕಿಕೊಡುವ ಬೆಂಗಳೂರಿನ ಸ್ವಯಂಸೇವಕಿಯೊಬ್ಬರ ಗೇಟಿನ ಮುಂದೆ, ಎರಡು ತಿಂಗಳ ಹಿಂದೆ ಬೆಳಗಿನ ಜಾವ ಪ್ರತ್ಯಕ್ಷವಾದ ರಟ್ಟಿನ ಪೆಟ್ಟಿಗೆ ನಮ್ಮ ಇಂದಿನ ಅತಿಥಿ.

ಟೀವಿ ಹೊರುತ್ತಿದ್ದ ತಮಗೆ ನಾಯಿಮರಿ ಹೊರುವ ಬಡ್ತಿ ಸಿಕ್ಕಿತು. ಹೇಗನ್ನಿಸಿತು?

ಬಡ್ತಿಯಲ್ಲ ಸ್ವಾಮಿ, ಹಿಂಬಡ್ತಿ. ಟೀವಿ ಇದ್ದಾಗ ಸುತ್ತ ಥರ್ಮೋಕೋಲು, ಮೈಮೇಲೆ 'ಜೋಪಾನ' ಅಂತ ಬರಹ. ಮನೆಮಂದಿಯೆಲ್ಲ ಕೈಜೋಡಿಸಿ ಒಳಗೆ ಇಳಿಸಿಕೊಂಡರು. ಕಣ್ಣು ಬಿಡದ ನಾಲ್ಕು ಮರಿ ತುಂಬಿದಾಗಲೂ ಬರಹ ಅದೇ ಇತ್ತು. ಇಟ್ಟವರು ಬೈಕು ಕೂಡ ಆಫ್ ಮಾಡಲಿಲ್ಲ.

ಅಷ್ಟು ಕಟುಕರೇ?

ಛೇ, ಪ್ರಾಣಿಪ್ರಿಯರು! ಜೊತೆಗೊಂದು ಬಿಸ್ಕತ್ತಿನ ಪ್ಯಾಕೆಟ್ಟೂ ಇಟ್ಟಿದ್ದರು. ಕಣ್ಣು ಬಿಡದ ಮರಿ ಬಿಸ್ಕತ್ತು ತಿನ್ನುತ್ತಾ? ಹಸುವಿನ ಹಾಲು ಕೊಟ್ಟರೆ ಭೇದಿ. ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ಕಲಸಿ ಎರಡು-ಮೂರು ಗಂಟೆಗೊಮ್ಮೆ ಕುಡಿಸಬೇಕು, ರಾತ್ರಿಯೂ ಬಿಡುವಿಲ್ಲ. ಉಚ್ಚೆ ಹೊಯ್ಯಿಸೋಕೂ ಒದ್ದೆ ಹತ್ತಿಯಲ್ಲಿ ಒರೆಸಬೇಕು. ತಾಯಿ ನೆಕ್ಕಿ ಮಾಡಿಸೋ ಕೆಲಸ ಅದು. ಇದನ್ನೆಲ್ಲ ಮುಗಿಸಿ ನಮ್ಮ ಮೇಡಂ ಒಂಬತ್ತಕ್ಕೆ ಆಫೀಸಿಗೆ ಲಾಗಿನ್ ಆಗ್ತಾರೆ.

ಸಾಕಿದ ನಾಯಿಯನ್ನೇ ಬೀದಿಗೆ ಬಿಡುವವರೂ ಇದ್ದಾರಂತೆ. ಕಾನೂನು ಇಲ್ಲವೇ?

ಇಲ್ಲದೆ ಏನು? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಸಾಕಿದ ಪ್ರಾಣಿಯನ್ನು ಹಸಿವು, ನೀರಡಿಕೆಗೆ ಬಿಟ್ಟುಹೋದರೆ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಬಿಟ್ಟುಬರೋಕೆ ಸುಡುವ ಪೆಟ್ರೋಲು ಅದಕ್ಕಿಂತ ದುಬಾರಿ.

ದತ್ತು ಶಿಬಿರಕ್ಕೂ ಹೋಗಿದ್ದಿರಂತೆ?

ಹೋಗಿದ್ದೆ. ಹೆಣ್ಣು ನೋಡೋಕೆ ಬಂದ ಬೀಗರ ಹಾಗೆ ಬರ್ತಾರೆ. ಬಣ್ಣ ಬಿಳಿ ಇರಬೇಕು, ಮನೆತನ ಲ್ಯಾಬ್ರಡಾರ್ ಆಗಬೇಕು. ವ್ಯತ್ಯಾಸ ಒಂದೇ, ಇಲ್ಲಿ ಹೆಣ್ಣು ಮಾತ್ರ ಬೇಡ! ಕಪ್ಪು ಬೆಕ್ಕು ಕಂಡರೆ ಎಂ.ಟೆಕ್. ಮಾಡಿದವರೂ ಒಂದು ಹೆಜ್ಜೆ ಹಿಂದೆ ಸರೀತಾರೆ. ಓನರ್ ಒಪ್ಪಿದಾರಾ, ಬಾಲ್ಕನಿಗೆ ಬಲೆ ಹಾಕಿಸಿದೀರಾ, ಊರಿಗೆ ಹೋದಾಗ ಯಾರು ನೋಡ್ಕೋತಾರೆ ಅಂತ ಮೇಡಂ ಕೇಳಿದರೆ, 'ಪುಕ್ಕಟೆ ನಾಯಿಗೆ ಇಷ್ಟು ಇಂಟರ್‌ವ್ಯೂನಾ?' ಅಂತ ಮುಖ ಊದಿಸ್ಕೋತಾರೆ.

ನಾಲ್ಕಕ್ಕೂ ಮನೆ ಸಿಕ್ಕಿತೇ?

ಲಸಿಕೆಯ ವಯಸ್ಸಿಗೆ ಮೊದಲೇ ಒಂದು ಮರಿ ಪಾರ್ವೊ ಸೋಂಕು ತಗುಲಿ ತೀರಿಹೋಯಿತು. ಗಂಡು ಎರಡಕ್ಕೂ ಮನೆ ಸಿಕ್ಕಿತು. ಅದರಲ್ಲೊಂದು 'ಸೋಫಾ ಕಚ್ಚುತ್ತೆ' ಅನ್ನೋ ದೂರಿನ ಸಮೇತ ವಾಪಸ್. ಹೆಣ್ಣುಮರಿ ಮೇಡಂ ಮನೇಲಿ ತಾತ್ಕಾಲಿಕವಾಗಿದೆ. ಆ ಮನೆಯಲ್ಲಿ ತಾತ್ಕಾಲಿಕ ಅಂದರೆ ಹನ್ನೆರಡು-ಹದಿಮೂರು ವರ್ಷ.

ಇದಕ್ಕೆ ಕೊನೆ ಎಲ್ಲಿ?

ನನ್ನೊಳಗಿನ ಮರಿ ನೋಡಿ ಎಲ್ಲರೂ 'ಅಯ್ಯೋ ಪಾಪ' ಅಂದರು. ತಾಯಿ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ಅದು ಹಳೇ ಬೀದಿಯಲ್ಲೇ ಇದೆ. ನಾಯಿಯ ಬಸಿರು ಒಂಬತ್ತೇ ವಾರ. ಮುಂದಿನ ಪೆಟ್ಟಿಗೆ ಈಗಾಗಲೇ ಯಾರದೋ ಅಟ್ಟದ ಮೇಲೆ ಸಿದ್ಧವಾಗಿರುತ್ತೆ. ಬೀದಿನಾಯಿಗಳಿಗೆ ಸಂತಾನಹರಣದ ಆಪರೇಷನ್, ರೇಬೀಸ್ ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ ಅಂತ 2023ರ ಪ್ರಾಣಿ ಜನನ ನಿಯಂತ್ರಣ ನಿಯಮವೇ ಹೇಳುತ್ತೆ. ಆಪರೇಷನ್ ಆಗಿದ್ದಕ್ಕೆ ಕಿವಿಯ ತುದಿಯಲ್ಲಿ ಗುರುತಿರುತ್ತೆ. ಊರಾಚೆಯಿಂದ ಬಂದು ಮರಿ ಇಟ್ಟುಹೋಗೋರಿಗೆ, ತಮ್ಮ ಬೀದಿ ನಾಯಿಯ ಕಿವಿ ನೋಡೋಕೆ ಪುರುಸೊತ್ತಿಲ್ಲ.

ಅದ್ಭುತ! ಈಗಲೇ ಬಡಾವಣೆಯ ಗ್ರೂಪಿಗೆ ಹಾಕ್ತೀನಿ. ಅಂದ ಹಾಗೆ, ನಮ್ಮ ಮೆಟ್ಟಿಲ ಕೆಳಗೂ ಒಂದು ನಾಯಿ ಆರು ಮರಿ ಹಾಕಿದೆ. ಮೇಡಂ ನಂಬರ್...?

ಕೊಡ್ತೀನಿ, ಪಾಲಿಕೆ ನಂಬರು. ಹಾಲು ಬಿಡೋ ತನಕ ಮರಿಗಳು ತಾಯಿ ಹತ್ತಿರವೇ ಇರಲಿ, ಆಮೇಲೆ ತಾಯಿಯನ್ನು ಆಪರೇಷನ್‌ಗೆ ಕಳಿಸಿ. ಈಗ ಸಂದರ್ಶನ ನನ್ನದು: ಓನರ್ ಒಪ್ತಾರಾ? ದಿನಾ ಅನ್ನ ಯಾರು ಹಾಕ್ತೀರಿ? ಊರಿಗೆ ಹೋದಾಗ ಯಾರು ನೋಡ್ಕೋತಾರೆ?