ಬಡಾವಣಾ ಮೀಮಾಂಸೆ, ಅಥವಾ ಬೆಂಗಳೂರಿಗೆ ಬಂದ ದೇವದತ್ತನು ಎಲ್ಲಿ ಮನೆ ಮಾಡತಕ್ಕದ್ದು

ಯಾವ ಶಾಸ್ತ್ರ ಬರೆಯುವುದಿದ್ದರೂ ಮೊದಲು ನಾಲ್ಕು ಸಂಗತಿ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ಗ್ರಂಥದ ವಿಷಯ, ಬೆಂಗಳೂರಿನ ಅಂಚಿನಲ್ಲಿ ಮನೆ ಮಾಡುವುದು. ಪ್ರಯೋಜನ, ಎರಡು ಹೊತ್ತು ನೀರು ಮತ್ತು ಒಂದು ಹೊತ್ತು ನಿದ್ದೆ. ಸಂಬಂಧವು ಸಾಮಾನ್ಯವಾಗಿ ಹೆಂಡತಿಯ ಅಣ್ಣನ ರೂಪದಲ್ಲಿ ಅಲ್ಲೇ ಪಕ್ಕದ ಕ್ರಾಸಿನಲ್ಲಿರುತ್ತದೆ. ಅಧಿಕಾರಿ ಎಂದರೆ ಓದುವ ಯೋಗ್ಯತೆ ಉಳ್ಳವನು. ಕಂದಾಯ ಇಲಾಖೆಯವರ ಪಾತ್ರ ಮುಂದೆ ಬರುತ್ತದೆ. ವಿವೇಕ, ವೈರಾಗ್ಯ, ಶಮದಮಾದಿ ಆರು ಸಂಪತ್ತು, ಮೋಕ್ಷದ ಹಂಬಲ, ಇಷ್ಟಿದ್ದರೆ ಯೋಗ್ಯತೆ ಬಂದಂತೆ. ದಾವಣಗೆರೆಯಲ್ಲಿ ವರ್ಗಾವಣೆ ಆದೇಶ ಕೈಗೆ ಬಂದ ದಿನ ನಮ್ಮ ದೇವದತ್ತನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಎಂದು ಕೇಳಿದ ಕೂಡಲೇ ವೈರಾಗ್ಯ ಬಂತು. ಹೊಸೂರು ರಸ್ತೆಯಲ್ಲಿ ಒಂದು ಸಂಜೆ ಬಸ್ಸಿನೊಳಗೆ ನಿಂತ ಮೇಲೆ ಮೋಕ್ಷದ ಹಂಬಲವೂ ಬಂತು. ಉಳಿದವನ್ನು ಬೆಂಗಳೂರು ಕಂತಿನಲ್ಲಿ ಕೊಡುತ್ತದೆ.

ದೇವದತ್ತನೇ ಯಾಕೆ ಎಂದರೆ, ತರ್ಕಶಾಸ್ತ್ರದವರು ಶತಮಾನಗಳಿಂದ ತಮ್ಮ ಉದಾಹರಣೆಗಳಿಗೆಲ್ಲ ಅವನನ್ನೇ ದುಡಿಸಿದ್ದಾರೆ. ಇನ್ನೊಂದು ಸಲ ದುಡಿಸಿದರೆ ಬೇಜಾರು ಮಾಡಿಕೊಳ್ಳುವ ಪೈಕಿ ಅಲ್ಲ.

ಮೊದಲು ಉತ್ಪತ್ತಿ ಪ್ರಕರಣ. ಬೆಂಗಳೂರಿನ ಬಡಾವಣೆಗೆ ಮೂಲಕಾರಣ ಇಲಿ. 1898ರಲ್ಲಿ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು, ಉಳಿದವರು ಬಯಲು ಹುಡುಕಿಕೊಂಡು ಹೊರಟರು. ಮಲ್ಲೇಶ್ವರವೂ ಬಸವನಗುಡಿಯೂ ಅಗಲ ಬೀದಿ, ಮನೆಯ ಹಿಂದೊಂದು ಕನ್ಸರ್ವೆನ್ಸಿ ಓಣಿ ಇಟ್ಟುಕೊಂಡು ಬೆಳೆದದ್ದು ಆ ಭಯದ ನೆರಳಿನಲ್ಲಿ. ಮುಂದೆ 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ‘ಅಷ್ಟು ದೂರ ಯಾರು ಹೋಗ್ತಾರೆ’ ಎಂದು ಹಳೇ ಊರಿನವರು ಮೂಗು ಮುರಿದರಂತೆ. ಈ ವಾಕ್ಯವೊಂದೇ ಬೆಂಗಳೂರಿನ ಇತಿಹಾಸದಲ್ಲಿ ಬದಲಾಗದೆ ಉಳಿದಿರುವುದು. ಜಯನಗರದವರು ಅದನ್ನು ಜೆ.ಪಿ. ನಗರಕ್ಕೆ ಅಂದರು. ಜೆ.ಪಿ. ನಗರದವರು ತಮ್ಮದೇ ಒಂಬತ್ತನೇ ಹಂತಕ್ಕೆ ಅಂದರು. ಒಂಬತ್ತನೇ ಹಂತದವರು ಈಗ ಕನಕಪುರ ರಸ್ತೆಯ ಕಡೆ ಕೈ ತೋರಿಸಿ ಅನ್ನುತ್ತಿದ್ದಾರೆ. ಇದರಿಂದ ಹೊರಡುವ ಸೂತ್ರ: ಪ್ರತಿಯೊಬ್ಬನ ಮನೆಯೂ ಊರಿನ ಕೊನೆಯ ಮರ್ಯಾದಸ್ಥ ಮನೆ, ಅದರಾಚೆ ಇರುವುದು ಕಾಡು.

ಈಗ ಪೂರ್ವಪಕ್ಷಗಳು. ಮೊದಲನೆಯದು ಬ್ರೋಕರ್ ಮತ. ಈ ಮತದಲ್ಲಿ ದೇಶ ಎಂಬ ದ್ರವ್ಯವೇ ಇಲ್ಲ, ಇರುವುದೆಲ್ಲ ಕಾಲ. ಮನೆ ಎಲ್ಲಿದೆ ಎಂದು ಕೇಳಿದರೆ ಎಷ್ಟು ನಿಮಿಷ ಎಂಬ ಉತ್ತರ ಬರುತ್ತದೆ. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲಂತೂ ಹೆಬ್ಬಾಳದಿಂದ ಆಚೆಗಿನ ಸಮಸ್ತ ಭೂಮಂಡಲ ‘ಏರ್‌ಪೋರ್ಟಿಗೆ ಇಪ್ಪತ್ತು ನಿಮಿಷ’ ಆಗಿದೆ. ಈ ನಿಮಿಷವನ್ನು ಗಡಿಯಾರದ ನಿಮಿಷವೆಂದು ತಿಳಿದು ಮೋಸಹೋಗಬಾರದು. ಯುಗಾದಿಯ ಮಾರನೆಯ ದಿನ, ಬೆಳಗಿನ ಜಾವ ನಾಲ್ಕು ಗಂಟೆಗೆ, ಬ್ರೋಕರನೇ ಬೈಕು ಓಡಿಸಿ, ಸಿಗ್ನಲ್ಲನ್ನು ಮಾಯೆಯೆಂದು ಬಗೆದರೆ ಕಳೆಯುವ ಕಾಲಕ್ಕೆ ಬ್ರೋಕರ್ ನಿಮಿಷ ಎಂದು ಹೆಸರು.

ಎರಡನೆಯದು ಮಧ್ಯಬಿಂದು ಮತ. ದೇವದತ್ತನ ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಅವನ ಹೆಂಡತಿಯದು ವೈಟ್‌ಫೀಲ್ಡಿನಲ್ಲಿ. ಇಬ್ಬರಿಗೂ ಸಮದೂರವಿರುವ ಕಡೆ ಮನೆ ಮಾಡುವುದು ನ್ಯಾಯವೆಂದು ಇವರ ವಾದ. ಗೆರೆ ಎಳೆದು ನೋಡಿದರೆ ಬಿಂದು ಬೆಳ್ಳಂದೂರಿನ ಆಸುಪಾಸಿಗೆ ಬೀಳುತ್ತದೆ. ಅಂದರೆ ಒಬ್ಬರಾದರೂ ಸುಖವಾಗಿರಬಹುದಾಗಿದ್ದ ಸಂಸಾರದಲ್ಲಿ ಸಂಕಟವನ್ನು ಸರಿಸಮ ಪಾಲು ಮಾಡಿದಂತಾಯಿತು. ಇದನ್ನು ದಾಂಪತ್ಯದ ದೃಷ್ಟಿಯಿಂದ ಮೆಚ್ಚಬಹುದು, ಶಾಸ್ತ್ರದೃಷ್ಟಿಯಿಂದ ಖಂಡಿಸಲೇಬೇಕು.

ಮೂರನೆಯದು ಭಾವಮೈದುನ ಮತ. ‘ನಮ್ಮ ಏರಿಯಾಗೇ ಬಂದ್ಬಿಡಿ ಭಾವ, ಆರಾಮಾಗಿದೆ’ ಎಂಬ ಒಂದೇ ಸೂತ್ರದ ಮೇಲೆ ಈ ದರ್ಶನ ನಿಂತಿದೆ. ಇದರ ವಿಮರ್ಶೆಗೆ ಇನ್ನೂ ಪೀಠಿಕೆ ಬೇಕು, ಆಮೇಲೆ ಬರೋಣ.

ಹೊರವಲಯದ ಬಡಾವಣೆಯಲ್ಲಿ ಇರುವ ವಸ್ತುಗಳಿಗಿಂತ ಇಲ್ಲದ ವಸ್ತುಗಳೇ ಹೆಚ್ಚಾದ್ದರಿಂದ ಅಭಾವ ಪ್ರಕರಣ ಈ ಶಾಸ್ತ್ರದ ಜೀವಾಳ. ನೈಯಾಯಿಕರು ಅಭಾವವನ್ನು ನಾಲ್ಕು ಬಗೆಯೆಂದರು. ಬೆಂಗಳೂರನ್ನು ಕಾಣದೆಯೇ ಹೀಗೆ ವಿಂಗಡಿಸಿದರಲ್ಲ ಎಂದು ಕೈಮುಗಿಯಬೇಕು. ಪ್ರಾಗಭಾವ ಎಂದರೆ ವಸ್ತು ಹುಟ್ಟುವ ಮೊದಲಿನ ಇಲ್ಲದಿರುವಿಕೆ. ಅದಕ್ಕೆ ಆದಿ ಇಲ್ಲ, ಅಂತ್ಯವಿದೆ. ಬ್ರೋಷರಿನಲ್ಲಿ ‘ಪ್ರಸ್ತಾವಿತ ಮೆಟ್ರೋ ನಿಲ್ದಾಣ’ ಎಂದು ಅಚ್ಚಾಗುವುದು ಇದೇ. ಅಂತ್ಯವಿದೆ ಎಂಬುದು ಬರೀ ಬಾಯಿಮಾತಲ್ಲ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಓಡಲು ಶುರುವಾದ ರೈಲು 2023ರಲ್ಲಿ ವೈಟ್‌ಫೀಲ್ಡ್ ಮುಟ್ಟಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಯಿತು. ಅಷ್ಟರಲ್ಲಿ ನಿಲ್ದಾಣ ಬರುತ್ತದೆಂದು ಮನೆ ಹಿಡಿದಿದ್ದವರ ಮಕ್ಕಳು ಓದು ಮುಗಿಸಿ ಬೇರೆ ಊರಿಗೆ ಹೋಗಿದ್ದರೆ ಅದು ಮೆಟ್ರೋದ ತಪ್ಪಲ್ಲ. ಪೆರಿಫೆರಲ್ ರಿಂಗ್ ರೋಡಿನ ಪ್ರಾಗಭಾವ ಮಾತ್ರ ಪಂಡಿತರನ್ನು ಕಂಗೆಡಿಸಿದೆ. ಅಭಾವ ಹಾಗೇ ಇರುವಾಗಲೇ ಅದಕ್ಕೆ ಬಿಸಿನೆಸ್ ಕಾರಿಡಾರ್ ಎಂದು ಮರುನಾಮಕರಣವಾಯಿತು. ಹುಟ್ಟದ ಮಗುವಿಗೆ ಎರಡು ಸಲ ಹೆಸರಿಡುವ ವಿಧಿ ಯಾವ ಸ್ಮೃತಿಯಲ್ಲೂ ಕಾಣುವುದಿಲ್ಲ.

ಪ್ರಧ್ವಂಸಾಭಾವ, ವಸ್ತು ನಾಶವಾದ ಮೇಲಿನದು. ಅದಕ್ಕೆ ಆದಿಯಿದೆ, ಅಂತ್ಯವಿಲ್ಲ. ಉದಾಹರಣೆ, ಕೆರೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಆಡುತ್ತಾರೆ. ಕೆರೆಗೆ ಮಾತ್ರ ಈ ಸಂಗತಿಯನ್ನು ಯಾರೂ ತಿಳಿಸಿದಂತಿಲ್ಲ. ಸೆಪ್ಟೆಂಬರಿನ ಒಂದು ರಾತ್ರಿ ಅದು ಹಳೇ ವಿಳಾಸಕ್ಕೇ ಬಂದು, ಬೇಸ್‌ಮೆಂಟಿನಲ್ಲಿ ನಿಂತ ಕಾರುಗಳನ್ನು ಎತ್ತಿ ನೋಡುತ್ತದೆ. ಆದ್ದರಿಂದ ಮನೆ ನೋಡುವ ಜಿಜ್ಞಾಸು ಮಳೆಗಾಲದಲ್ಲಿ ನೋಡಬೇಕು, ರಾಜಕಾಲುವೆ ಎಲ್ಲಿತ್ತೆಂದು ಹಳೆಯ ನಕ್ಷೆಯಲ್ಲಿ ಹುಡುಕಬೇಕು, ‘ಲೇಕ್ ವ್ಯೂ’ ಎಂಬ ಹೆಸರಿನ ಕಟ್ಟಡವನ್ನು ಕಂಡರೆ ನೋಟ ಯಾವ ಕಡೆಯಿಂದ ಯಾವ ಕಡೆಗೆ ಎಂದು ವಿಚಾರಿಸಬೇಕು.

ಅತ್ಯಂತಾಭಾವ, ಮೂರು ಕಾಲದಲ್ಲೂ ಇಲ್ಲದ್ದು: ಫುಟ್‌ಪಾತು. ಅನ್ಯೋನ್ಯಾಭಾವ, ಇದು ಅದಲ್ಲ ಎಂಬ ಭೇದಜ್ಞಾನ: ಮಾದರಿ ಫ್ಲ್ಯಾಟು ಮತ್ತು ಕೈಗೆ ಸಿಕ್ಕ ಫ್ಲ್ಯಾಟು.

ಕೊಳ್ಳುವವನಾದರೆ ಸತ್ತಾತ್ರಯವನ್ನೂ ತಿಳಿದಿರಬೇಕು. ಬ್ರೋಷರಿನಲ್ಲಿರುವ ಸೈಟು ಪ್ರಾತಿಭಾಸಿಕ. ಕಣ್ಣು ಉಜ್ಜಿಕೊಂಡರೆ ಮಾಯ. ಬಿ ಖಾತೆಯ ಸೈಟು ವ್ಯಾವಹಾರಿಕ. ಅದರ ಮೇಲೆ ಮನೆಯಿರುತ್ತದೆ, ಮನೆಯೊಳಗೆ ಜನ ಇರುತ್ತಾರೆ, ತೆರಿಗೆಯನ್ನೂ ತಪ್ಪದೆ ಕಟ್ಟುತ್ತಾರೆ. ನಕ್ಷೆ ಮಂಜೂರು ಮಾಡಿ ಅಥವಾ ಸಾಲ ಕೊಡಿ ಎಂದ ಕ್ಷಣ ಜಗತ್ತು ಮಿಥ್ಯೆಯಾಗುತ್ತದೆ. ಎ ಖಾತೆಯೊಂದೇ ಪಾರಮಾರ್ಥಿಕ. ಹೊಲವನ್ನು ಪರಿವರ್ತನೆ ಮಾಡಿಸದೆ ಸುಣ್ಣದ ಗೆರೆ ಎಳೆದು ಮಾರಿದ ರೆವಿನ್ಯೂ ಸೈಟುಗಳು, 2007ರಲ್ಲಿ 110 ಹಳ್ಳಿಗಳು ಪಾಲಿಕೆಗೆ ಸೇರಿದಾಗ ಒಟ್ಟಿಗೇ ನಗರದೊಳಕ್ಕೆ ಬಂದುವು. ಊರು ಬೆಳೆದು ಅವುಗಳ ಬಳಿ ಬಂತೇ ಹೊರತು ಕಾಗದಪತ್ರ ಬರಲಿಲ್ಲ. ಶುಲ್ಕ ಕಟ್ಟಿ ಬಿಯಿಂದ ಎಗೆ ಏರುವ ದಾರಿಯನ್ನು ಸರ್ಕಾರ 2025ರಲ್ಲಿ ತೆರೆಯಿತು. ಜ್ಞಾನದಿಂದ ಮಾತ್ರ ಮುಕ್ತಿ ಎಂದವರು ಚಲನ್ ನೋಡಿರಲಿಲ್ಲ.

ಈಗ ಗ್ರಂಥದ ಹೃದಯಕ್ಕೆ ಬರೋಣ: ನೀರು. ಒಂದು ಬಡಾವಣೆಯಲ್ಲಿ ನೀರಿದೆಯೇ ಇಲ್ಲವೇ ಎಂದು ತಿಳಿಯುವ ದಾರಿ ಯಾವುದು? ಪ್ರಮಾಣಗಳು ಆರು.

ಪ್ರತ್ಯಕ್ಷ: ನಲ್ಲಿ ತಿರುಗಿಸಿ ನೋಡುವುದು. ಎಲ್ಲರೂ ಇದನ್ನೇ ನಂಬಿ ಕೆಡುತ್ತಾರೆ. ಮನೆ ನೋಡಲು ಬರುತ್ತೇವೆಂದು ಫೋನು ಮಾಡಿದ ಗಳಿಗೆಯಲ್ಲೇ ಓನರು ಮೋಟರು ಹಾಕಿರುತ್ತಾರೆ. ದೇವದತ್ತ ಕಂಡದ್ದು ಸಿಂಟೆಕ್ಸಿನ ಅರ್ಧ ಗಂಟೆಯ ಭೋರ್ಗರೆತ. ಹಗ್ಗದಲ್ಲಿ ಹಾವು ಕಂಡವನಿಗೆ ಇಷ್ಟು ಖರ್ಚಾಗಿರಲಿಲ್ಲ.

ಅನುಮಾನ: ಗುಡ್ಡದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸುವುದು. ಇಲ್ಲಿ ವ್ಯಾಪ್ತಿ ಹೀಗೆ: ಎಲ್ಲೆಲ್ಲಿ ಟ್ಯಾಂಕರೋ ಅಲ್ಲಲ್ಲಿ ನೀರಿಲ್ಲ. ಆಕ್ಷೇಪ: ಟ್ಯಾಂಕರಿನೊಳಗೇ ನೀರಿದೆಯಲ್ಲ? ಸಮಾಧಾನ: ಅದು ರಸ್ತೆಗೆ ಸೋರಿ ಮುಗಿಯುವವರೆಗೆ ಮಾತ್ರ. 2024ರ ಬೇಸಿಗೆಯಲ್ಲಿ ಈ ವ್ಯಾಪ್ತಿ ಊರಿಗೆ ಊರೇ ಸಿದ್ಧವಾಯಿತು. ಕೊಳವೆಬಾವಿಗಳು ಸಾವಿರಗಟ್ಟಲೆ ಒಣಗಿದುವು. ಜಿಲ್ಲಾಡಳಿತ 5 ಕಿ.ಮೀ. ಒಳಗೆ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ಎಂದು ದರ ಕಟ್ಟಿತು. ಆಗ ಕೆಲವು ಟ್ಯಾಂಕರುಗಳು ತಾವು ಆರನೇ ಕಿಲೋಮೀಟರಿನವರೆಂದು ಕಂಡುಕೊಂಡವು.

ಅರ್ಥಾಪತ್ತಿ: ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವೆಂದರೆ ರಾತ್ರಿ ಉಣ್ಣುತ್ತಾನೆಂದು ಒಪ್ಪಲೇಬೇಕಾಗುವುದು. ಇದೇ ರೀತಿಯಲ್ಲಿ, ಕಾವೇರಿ ಇಲ್ಲ, ಬೋರು ಬತ್ತಿದೆ, ಆದರೂ ಲೇಔಟಿನ ಹುಲ್ಲುಹಾಸು ಹಚ್ಚಗಿದೆ ಎಂದಾದರೆ ರಾತ್ರಿ ಎರಡು ಗಂಟೆಗೆ ಲಾರಿ ಹಿಂದಕ್ಕೆ ಬರುವ ಪೀಂ ಪೀಂ ಸದ್ದನ್ನೂ ಬಾಡಿಗೆಯಲ್ಲಿ ಸೇರಿಸಿಕೊಳ್ಳಬೇಕು.

ಅನುಪಲಬ್ಧಿ: ಇದ್ದಿದ್ದರೆ ಕಾಣಬೇಕಿತ್ತು, ಕಾಣುತ್ತಿಲ್ಲ, ಆದ್ದರಿಂದ ಇಲ್ಲ. ‘ಕಾವೇರಿ ಕನೆಕ್ಷನ್ ಇದೆ’ ಎಂಬ ಮಾತಿಗೆ ಇದು ಅನ್ವಯ. ಕನೆಕ್ಷನ್ ಇರುವುದು ನಿಜ, ಮೀಟರಿದೆ, ಪೈಪಿದೆ. ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ ಏರಿಕೊಂಡು ಬರಬೇಕು. ಮೊದಲ ಹಂತದ ನೀರು 1974ರಲ್ಲಿ ಬಂತು, ಆ 110 ಹಳ್ಳಿಗಳ ಪಾಲಿನ ಐದನೇ ಹಂತ ಚಾಲನೆ ಪಡೆದದ್ದು 2024ರ ಅಕ್ಟೋಬರಿನಲ್ಲಿ, ದಿನಕ್ಕೆ 77.5 ಕೋಟಿ ಲೀಟರಿನ ಲೆಕ್ಕದಲ್ಲಿ. ಅಷ್ಟು ಏರಿ ಬಂದ ನದಿಗೆ ಕೊನೆಯ ಕ್ರಾಸಿನ ಎರಡನೇ ಮಹಡಿಗೆ ಹತ್ತಲು ಆಯಾಸವಾದರೆ ಯಾರನ್ನು ದೂರುವುದು?

ಉಪಮಾನ: ಗವಯವೆಂಬ ಮೃಗ ಹಸುವಿನಂತಿರುತ್ತದೆ ಎಂದು ಕೇಳಿ ಕಾಡಿನಲ್ಲಿ ಗುರುತಿಸುವುದು. ‘ಇದು ಹತ್ತು ವರ್ಷದ ಹಿಂದಿನ ಎಚ್‌ಎಸ್‌ಆರ್ ಲೇಔಟ್ ಇದ್ದಂಗೆ ಸಾರ್’ ಎನ್ನುತ್ತಾರೆ. ಎಚ್‌ಎಸ್‌ಆರ್ ಹೇಗಿತ್ತು? ಅದು ಆಗಿನ ಕೋರಮಂಗಲ ಇದ್ದಂಗೆ. ಕೋರಮಂಗಲ? ಅದು ಆ ಕಾಲದ ಜಯನಗರ. ಹೀಗೆ ಹಿಂದೆ ಹಿಂದೆ ಹೋದರೆ ಅನವಸ್ಥಾದೋಷ ಬಂದು, ಕೊನೆಗೆ ಪ್ಲೇಗಿನ ಇಲಿಯ ಬುಡಕ್ಕೇ ತಲುಪುತ್ತೇವೆ.

ಉಳಿದದ್ದು ಶಬ್ದಪ್ರಮಾಣ, ಆಪ್ತವಾಕ್ಯ. ಆಪ್ತನೆಂದರೆ ಇರುವುದನ್ನು ಬಲ್ಲವನು, ಬಲ್ಲದ್ದನ್ನು ಇದ್ದಂತೆ ಹೇಳುವವನು. ಭಾವಮೈದುನ ಮತದ ಖಂಡನೆ ಇಲ್ಲಿದೆ. ಭಾವಮೈದುನ ಬಲ್ಲ, ಹೇಳಲಾರ. ಇಪ್ಪತ್ತು ವರ್ಷದ ಸಾಲ ತಲೆಯ ಮೇಲಿರುವಾಗ ತನ್ನ ಬಡಾವಣೆಯಲ್ಲಿ ಹಂದಿ, ಸೊಳ್ಳೆ, ಕರೆಂಟಿನ ತೊಂದರೆ ಇದೆಯೆಂದು ಯಾವ ಮನುಷ್ಯ ಒಪ್ಪಿಕೊಂಡಾನು? ಸೈಟು ಕೊಂಡವನ ಬಾಯಿಂದ ಆ ಏರಿಯಾದ ಸತ್ಯ ಬರುವುದು ಅವನು ಅದನ್ನು ಮಾರಿ ನೋಂದಣಿ ಮುಗಿಸಿದ ಸಂಜೆ. ಬ್ರೋಕರು ಹೇಳಬಲ್ಲ, ಬಲ್ಲವನಲ್ಲ; ಅವನ ಮನೆ ನೆಲಮಂಗಲದಲ್ಲಿ. ಓನರು ಬಲ್ಲವರೂ ಹೌದು, ಮಾತುಗಾರರೂ ಹೌದು, ಆದರೆ ಅವರ ಶಾಸ್ತ್ರದಲ್ಲಿ ಪ್ರಶ್ನೆ ಕೇಳುವ ಅಧಿಕಾರ ಅವರೊಬ್ಬರದೇ.

‘ಯಾವ ಕಡೆಯವ್ರು ನೀವು?’

‘ದಾವಣಗೆರೆ ರೀ.’

‘ಹಾಂ, ಅದಲ್ಲ. ವೆಜ್ಜಾ?’

‘ಮನ್ಯಾಗ ಎಲ್ಲಾ ಮಾಡ್ತೀವ್ರಿ.’

‘ಅಲ್ಲ, ಅಂದ್ರೆ... ನೀವು ಯಾವ ಜನ ಅಂತ.’

ಈ ಮೂರನೇ ಪ್ರಶ್ನೆಗೆ ಪೀಠಿಕೆಯಾಗಿಯೇ ಮೊದಲೆರಡು ಹುಟ್ಟಿದ್ದು. ಬಡಾವಣೆ ಆರಿಸಲು ಹೊರಟ ದೇವದತ್ತ ಆ ಜಗುಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತಾನೇ ಪರೀಕ್ಷೆಗೆ ಒಳಗಾಗಿದ್ದಾನೆ. ಎಷ್ಟೋ ಜನರ ಪಾಲಿಗೆ ನೀರು, ಮೆಟ್ರೋ, ಖಾತೆ ಇವೆಲ್ಲದರ ವಿಚಾರ ಶುರುವಾಗುವ ಮೊದಲೇ ಶಾಸ್ತ್ರ ಈ ಕುರ್ಚಿಯಲ್ಲಿ ಮುಗಿದುಹೋಗುತ್ತದೆ. ‘ಆಮೇಲೆ ಫೋನ್ ಮಾಡ್ತೀವಿ’ ಎಂಬುದು ಅದರ ಫಲಶ್ರುತಿ. ಗ್ರಂಥಕಾರನಿಗೆ ಇಲ್ಲಿ ನಗು ಬರುವುದಿಲ್ಲ, ಮುಂದಿನ ಪ್ರಕರಣಕ್ಕೆ ಹೋಗುತ್ತಾನೆ.

ಸಿದ್ಧಾಂತ: ಬೆಂಗಳೂರಿನ ಯಾವ ಬಡಾವಣೆಯಲ್ಲೂ ಆಪ್ತನೊಬ್ಬನೇ, ಮೂಲೆಯ ಇಸ್ತ್ರಿ ಗಾಡಿಯವನು. ಯಾರ ಮನೆಗೆ ಎಷ್ಟು ದಿನಕ್ಕೆ ಟ್ಯಾಂಕರು, ಯಾರ ಅಂಗಿಯಲ್ಲಿ ಬೋರಿನ ನೀರಿನ ಹಳದಿ, ಯಾರು ಯಾವಾಗ ಖಾಲಿ ಮಾಡಿದರು, ಎಲ್ಲ ಅವನಿಗೆ ಗೊತ್ತು. ಕಮಿಷನ್ ಇಲ್ಲ, ಸೈಟಿಲ್ಲ, ಸುಳ್ಳು ಹೇಳಲು ಪುರುಸೊತ್ತಿಲ್ಲ. ವಾಸ್ತು, ಶಾಲೆ, ಪಾರ್ಕುಗಳ ಬಗ್ಗೆ ಬರೆಯಬೇಕೆಂದಿದ್ದ ಮೂರು ಅಧ್ಯಾಯಗಳನ್ನು ಅವನ ಮಾತು ಕೇಳಿದ ಮೇಲೆ ಕೈಬಿಟ್ಟಿದ್ದೇನೆ. ಹನ್ನೊಂದು ತಿಂಗಳ ಕರಾರಿನ ಬಗ್ಗೆ ಮಾತ್ರ ಒಂದು ಸಾಲು: ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳಿದ್ದರಿಂದ, ಬೆಂಗಳೂರಿನ ಬಾಡಿಗೆದಾರನ ಸಂವತ್ಸರಕ್ಕೆ ಹನ್ನೊಂದೇ ಮಾಸ. ದೇವದತ್ತ ಇಷ್ಟೆಲ್ಲ ಪ್ರಮಾಣಗಳನ್ನು ದಾಟಿ, ಒಂದು ಮನೆಗೆ ಟೋಕನ್ ಅಡ್ವಾನ್ಸ್ ಕೊಟ್ಟು, ಆಮೇಲೆ ಈ ಗಾಡಿಯ ಹತ್ತಿರ ಬಂದ. ಶಾಸ್ತ್ರ ಓದಿದವರು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಬರುತ್ತಾರೆ.

‘ಆ ಹಸಿರು ಗೇಟಿನ ಮನಿ ಹೆಂಗೈತ್ರಿ?’

‘ಸೆಕೆಂಡ್ ಫ್ಲೋರಾ ಸಾರ್? ನೀರಿಗೇನ್ ತೊಂದ್ರೆ ಇಲ್ಲ. ಆದ್ರೆ ಅಲ್ಲಿ ಯಾರೂ ಎರಡ್ನೇ ವರ್ಷ ಇರಲ್ಲ.’

‘ಯಾಕ್ರಿ?’

‘ಹನ್ನೊಂದು ತಿಂಗ್ಳಾದ್ಮೇಲೆ ಮಗನ ಮದ್ವೆ ಅಂತ ಖಾಲಿ ಮಾಡಿಸ್ತಾರೆ ಸಾರ್. ಆಮೇಲೆ ಬಾಡಿಗೆ ಜಾಸ್ತಿ ಮಾಡಿ ಬೇರೆಯವ್ರಿಗೆ ಕೊಡ್ತಾರೆ.’

‘ಮಗ ಏನ್ ಮಾಡ್ತಾನ್ರಿ?’

‘ಮಗ ಎಲ್ಲಿ ಸಾರ್? ಅವ್ರಿಗೆ ಇಬ್ರೂ ಹೆಣ್ಮಕ್ಳು.’

ಮೊಲದ ಕೊಂಬು, ಆಕಾಶದ ಹೂವು, ಬಂಜೆಯ ಮಗ, ಇವುಗಳಿಂದ ಲೋಕದಲ್ಲಿ ಯಾವ ಕಾರ್ಯವೂ ನಡೆಯದೆಂದು ತಾರ್ಕಿಕರು ಒಕ್ಕೊರಲಿನಿಂದ ಬರೆದಿದ್ದಾರೆ. ಈ ಹುಡುಗ ಆಗಲೇ ಮೂರು ಸಂಸಾರಗಳನ್ನು ಖಾಲಿ ಮಾಡಿಸಿ, ಪ್ರತಿ ಸಲವೂ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡಿದ್ದಾನೆ.