ಮೂರನೇ ಕ್ರಾಸಿನ ಕಂಪ್ಯೂಟರ್ ಮಾವ

ಇವರು ನನಗೆ ಸೋದರಮಾವನಲ್ಲ, ಹೆಣ್ಣು ಕೊಟ್ಟ ಮಾವನೂ ಅಲ್ಲ. ಮೈಸೂರಿನ ಸರಸ್ವತೀಪುರಂನಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆಗಿರುವ ಇವರನ್ನು ಇಡೀ ಬಡಾವಣೆ ಮಾವ ಎನ್ನುತ್ತದೆ. ಗುರುತು ಸಾಲದವರು ಕಂಪ್ಯೂಟರ್ ಮಾವ ಎನ್ನುತ್ತಾರೆ. ಯಾರ ಮನೆಯ ಕಂಪ್ಯೂಟರಿಗೆ ಏನು ಕಾಯಿಲೆ ಎಂಬುದು ಬೆಳಗ್ಗೆ ಆರೂವರೆಗೆ ಹಾಲಿನ ಬೂತಿನಲ್ಲಿ ಅವರ ಕಿವಿಗೆ ಬೀಳುತ್ತದೆ. ಏಳಕ್ಕೆ ಆ ಮನೆಯ ಗೇಟಿನ ಚಿಲಕ ಸದ್ದು ಮಾಡುತ್ತದೆ. ಕರೆಯಬೇಕೆಂಬ ಕಟ್ಟುಪಾಡಿಲ್ಲ.

ಕೈಯಲ್ಲೊಂದು ಚೀಲ. ಯಾರದೋ ಮದುವೆಯಲ್ಲಿ ತಾಂಬೂಲ ತುಂಬಿ ಕೊಟ್ಟದ್ದು, ವಧುವಿನ ಹೆಸರು ಅಳಿಸಿ ವರನದಷ್ಟೇ ಉಳಿದಿದೆ. ಒಳಗೆ ಷಷ್ಟ್ಯಬ್ದಿಗೆ ಮಗ ಕೊಡಿಸಿದ ಸ್ಕ್ರೂಡ್ರೈವರ್ ಸೆಟ್ಟು, ಧೂಳು ಹೊಡೆಯಲು ಪೇಂಟ್ ಬ್ರಷ್ಷು, ಟಾರ್ಚು, ರ‍್ಯಾಮ್ ಉಜ್ಜಲು ಶಾಲೆಯ ಹುಡುಗರ ರಬ್ಬರು, ಜನಿವಾರದ ನೂಲಿನಲ್ಲಿ ಪೋಣಿಸಿದ ನಾಲ್ಕು ಪೆನ್‌ಡ್ರೈವು, ಮತ್ತು ಒಂದು ಹಳೆಯ ನಶ್ಯದ ಡಬ್ಬಿ. ಡಬ್ಬಿಯಲ್ಲಿರುವುದು ತಿರುಪುಗಳು. ಮಾವ ಬಿಚ್ಚಿ ಜೋಡಿಸಿದ ಯಾವ ಸಿಪಿಯುವಿನಲ್ಲೂ ಮೊದಲಿದ್ದಷ್ಟು ತಿರುಪು ಇರುವುದಿಲ್ಲ. ಒಂದೋ ಎರಡೋ ಮಿಗುತ್ತದೆ. "ಅವರು ಸುಮ್ನೆ ಜಾಸ್ತಿ ಹಾಕಿರ್ತಾರೆ ಕಣಯ್ಯ" ಎಂದು ಡಬ್ಬಿಗೆ ಹಾಕಿಕೊಳ್ಳುತ್ತಾರೆ. ನಮ್ಮ ಬಡಾವಣೆಯ ಕಂಪ್ಯೂಟರುಗಳು ಒಂದಿಷ್ಟು ಗಡಗಡ ಎನ್ನುವುದಕ್ಕೆ ಕಾರಣ ಆ ಡಬ್ಬಿಯಲ್ಲಿದೆ.

ಇಂಥ ಮನುಷ್ಯ ಒಂದು ಕಾಲದಲ್ಲಿ ಕಂಪ್ಯೂಟರಿನ ಕಡು ವೈರಿ. ಬ್ಯಾಂಕುಗಳಿಗೆ ಯಂತ್ರ ಬರಲಿ ಎಂದು 1984ರಲ್ಲಿ ರಂಗರಾಜನ್ ಸಮಿತಿ ವರದಿ ಕೊಟ್ಟಾಗ ಮಾವ ತಮ್ಮ ಬ್ಯಾಂಕಿನ ಯೂನಿಯನ್ನಿನಲ್ಲಿ ಧಿಕ್ಕಾರ ಕೂಗುವ ಮುಂಚೂಣಿಯಲ್ಲಿದ್ದರು. ಆಮೇಲೆ ಶಾಖೆಗೆ ಒಂದು ಪೆಟ್ಟಿಗೆ ಬಂತು. ಅದರ ಹೆಸರು ಅಡ್ವಾನ್ಸ್ಡ್ ಲೆಡ್ಜರ್ ಪೋಸ್ಟಿಂಗ್ ಮೆಷಿನ್. "ಕಂಪ್ಯೂಟರ್ ಅಂದಿದ್ರೆ ಒಳಗೆ ಬಿಡ್ತಿರಲಿಲ್ಲ. ಲೆಡ್ಜರ್ ಅಂದ್ರು ನೋಡು, ನಮ್ಮವನೇ ಅಂದ್ಕೊಂಡ್ವಿ" ಎಂದು ಈಗಲೂ ಹೇಳುತ್ತಾರೆ. ಒಂದು ತಿಂಗಳು ಅದರ ಕಡೆ ಬೆನ್ನು ಹಾಕಿ ಕೂತರು. ಎರಡನೇ ತಿಂಗಳು ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಒಂದು ಕೀಲಿ ಒತ್ತಿದರು. ಅಷ್ಟೇ, ಜಾರಿಬಿದ್ದರು. ಬ್ಯಾಂಕುಗಳು 2001ರ ಸುಮಾರಿಗೆ ಸ್ವಯಂ ನಿವೃತ್ತಿ ಕೊಟ್ಟಾಗ ದುಡ್ಡು ಕೈಗೆ ಬಂದ ವಾರವೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಒಂದು ಅಂಗಡಿಯಲ್ಲಿ ಮದರ್‌ಬೋರ್ಡು, ಇನ್ನೊಂದರಲ್ಲಿ ಹಾರ್ಡ್ ಡಿಸ್ಕು, ಮತ್ತೊಂದರಲ್ಲಿ ಬರೀ ಪೆಟ್ಟಿಗೆ ಎಂದು ಚೌಕಾಸಿ ಮಾಡಿ ಮಾಡಿ, ಎಲ್ಲವನ್ನೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮೈಸೂರಿಗೆ ತಂದರು. ಅತ್ತೆ ಕೇಳಿದ್ದು ಚಿನ್ನದ ಎರಡು ಬಳೆ.

ಮಾವನಿಗೆ ಶತ್ರುಗಳು ಇಬ್ಬರು. ಒಬ್ಬ, ಸಾಫ್ಟ್‌ವೇರ್ ಓದಿದ ಹುಡುಗ. ಬೆಂಗಳೂರಿನಿಂದ ಶನಿವಾರ ಬಂದವನನ್ನು ಅಮ್ಮಂದಿರು "ಸ್ವಲ್ಪ ನೋಡೋ" ಎಂದರೆ, "ನಾನು ಜಾವಾ ಅಮ್ಮಾ, ಇದೆಲ್ಲ ನನ್ನ ಫೀಲ್ಡ್ ಅಲ್ಲ" ಎಂದು ಮಲಗಿಬಿಡುತ್ತಾನೆ. ಇನ್ನೊಬ್ಬ, ಅಂಗಡಿಯ ಹುಡುಗ. ಅವನಿಗೆ ಗೊತ್ತಿರುವ ಔಷಧ ಒಂದೇ, ಫಾರ್ಮ್ಯಾಟ್. ಆ ಪದ ಕೇಳಿದರೆ ಮಾವನ ಕಿವಿ ಕೆಂಪಾಗುತ್ತದೆ. "ಇಲಿ ಬಂತು ಅಂತ ಮನೆಗೆ ಬೆಂಕಿ ಇಡ್ತಾರೇನಯ್ಯ?"

ನಮ್ಮ ಮನೆಗೆ ಇಲಿ ಬಂದದ್ದು 2011ರಲ್ಲಿ, ಆಷಾಢದ ಒಂದು ಭಾನುವಾರ. ಕಂಪ್ಯೂಟರ್ ಹಾಕಿದೆ. ಡೆಸ್ಕ್‌ಟಾಪು ಬಂತು, ಚಿತ್ರಗಳೆಲ್ಲ ಸಾಲಾಗಿ ನಿಂತವು, ಕೆಳಗಿನ ಪಟ್ಟಿಯೂ ಬಂತು. ಉಸಿರು ಬಿಡುವಷ್ಟರಲ್ಲಿ ಎಲ್ಲ ಮಾಯ. ನೀಲಿ ಬಯಲು. ಎರಡು ಕ್ಷಣ ಬಿಟ್ಟು ಮತ್ತೆ ಬಂತು, ಮತ್ತೆ ಹೋಯಿತು. ಪರದೆ ಎಳೆಯುವವನಿಗೆ ನಿದ್ದೆಗಣ್ಣಿದ್ದರೆ ನಾಟಕ ಹೇಗಾಗುತ್ತದೋ ಹಾಗೆ. ಸೋಮವಾರ ನಾನು ಲೇಖನ ಕಳಿಸಬೇಕಿತ್ತು. ಹೆಂಡತಿ ಹಾಲು ತರಲು ಹೋದವಳು ವಿಷಯ ಬಿಟ್ಟು ಬಂದಿದ್ದಳು ಎಂದು ಏಳು ಗಂಟೆಗೆ ಚಿಲಕದ ಸದ್ದಾದಾಗ ಗೊತ್ತಾಯಿತು.

ಮಾವ ಮೊದಲು ಯಂತ್ರ ಮುಟ್ಟುವುದಿಲ್ಲ. ಕಾಫಿ ತಗೊಂಡು ಕುರ್ಚಿಯಲ್ಲಿ ಹಿಂದಕ್ಕೊರಗಿ ಮನೆಯವರನ್ನೆಲ್ಲ ಎದುರಿಗೆ ನಿಲ್ಲಿಸಿಕೊಳ್ಳುತ್ತಾರೆ. ನಾಡಿ ನೋಡುವ ಪಂಡಿತರ ಮುಖ.

"ಯಾವತ್ತಿಂದ?"

"ಇವತ್ತಿಂದ ಮಾವ."

"ಹೊಸದಾಗಿ ಏನು ಹಾಕಿದ್ರಿ?"

"ಏನೂ ಇಲ್ಲ ಮಾವ."

"ಎಲ್ರೂ ಹೀಗೇ ಅಂತಾರೆ. ಪೆನ್‌ಡ್ರೈವ್ ಏನಾದ್ರೂ ಹಾಗೇ ಕಿತ್ತಿರಾ? ಎಷ್ಟು ಸಲ ಹೇಳಿದೀನಿ, ಎಜೆಕ್ಟ್ ಕೊಡದೆ ಕೀಳೋದು ಅಂದ್ರೆ ಉಣ್ತಾ ಇರೋನ ತಟ್ಟೆ ಎಳೆದ ಹಾಗೆ."

ನನ್ನ ಮಗಳನ್ನು ನೋಡಿದರು. ಅವಳು ತಲೆಯಾಡಿಸಿದಳು. ನಂಬಲಿಲ್ಲ.

ಆಮೇಲೆ ವಿವರಣೆ. ಅವರ ವಿವರಣೆ ಕೇಳದೆ ರಿಪೇರಿಯಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಅದರಲ್ಲಿ ಸುಳ್ಳೂ ಇರುವುದಿಲ್ಲ. "ಡೆಸ್ಕ್‌ಟಾಪ್ ಅಂದ್ರೆ ಮೇಜು ಅಂದ್ಕೊಂಡಿದೀಯ. ಅಲ್ಲ. ಅದು ಹೋಟೆಲಿನ ಮಾಣಿ. ವಿಂಡೋಸ್‌ನಲ್ಲಿ ಅವನ ಹೆಸರು ಎಕ್ಸ್‌ಪ್ಲೋರರ್. ಮೇಜು ಒರೆಸೋನು, ತಟ್ಟೆ ಜೋಡಿಸೋನು, ಯಾವುದರಲ್ಲಿ ಏನಿದೆ ಅಂತ ಇಣುಕಿ ನೋಡಿ ಮೇಲೊಂದು ಚಿತ್ರ ಅಂಟಿಸೋನು, ಎಲ್ಲ ಅವನೇ. ಯಾವುದೋ ಒಂದು ತಟ್ಟೆ ನೋಡಿ ಮೂರ್ಛೆ ಬೀಳ್ತಿದಾನೆ. ಮಾಲೀಕ ನೀರು ಚಿಮುಕಿಸಿ ಎಬ್ಬಿಸ್ತಾನೆ. ಎದ್ದವನು ಮತ್ತೆ ಅದೇ ತಟ್ಟೆ ನೋಡ್ತಾನೆ. ಧೊಪ್."

"ಯಾವ ತಟ್ಟೆ ಮಾವ?"

"ಅದೇ ಈಗ ನೋಡೋದು. ಅಡುಗೆಮನೆ ಸರಿ ಇದೆ. ಫಾರ್ಮ್ಯಾಟ್ ಮಾತು ಎತ್ತಬೇಡ."

ಇಷ್ಟು ಗೊತ್ತಿದ್ದರೂ ಸಿಪಿಯು ಬಿಚ್ಚಿದರು. ಬಿಚ್ಚದೆ ಹೋದರೆ ಚೀಲ ತಂದದ್ದು ವ್ಯರ್ಥವಲ್ಲವೇ. ಧೂಳು ಹೊಡೆದರು, ರ‍್ಯಾಮ್ ಪಟ್ಟಿಯ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿದರು, ಒಂದು ತಿರುಪು ಮಿಕ್ಕಿತು. ಪರದೆ ಮಾಯವಾಗುವುದು ಮಾತ್ರ ನಿಲ್ಲಲಿಲ್ಲ.

ಎರಡನೆಯದು ಸೇಫ್ ಮೋಡ್. ಯಂತ್ರ ಏಳುವ ಹೊತ್ತಿಗೆ ಎಫ್8 ಕೀಲಿಯನ್ನು ಜಪದಂತೆ ಒತ್ತುತ್ತ ಕೂತರು. (ಮುಂದಿನ ವರ್ಷ ವಿಂಡೋಸ್ 8 ಬಂದು ಎಫ್8 ಕೀಲಿಗೆ ಈ ಕೆಲಸ ತಪ್ಪಿಸಿದಾಗ ಮಾವ ಹತ್ತಿರದವರನ್ನು ಕಳೆದುಕೊಂಡವರಂತೆ ಸಪ್ಪಗಾದರು.) ಬೇಡದ ಪರಿವಾರವನ್ನೆಲ್ಲ ಹೊರಗಿಟ್ಟು ಯಂತ್ರ ಬರೀ ಅಂಗವಸ್ತ್ರದಲ್ಲಿ ಎದ್ದುಬಂತು. ಡೆಸ್ಕ್‌ಟಾಪು ದೊಡ್ಡ ದೊಡ್ಡ ಅಕ್ಷರಗಳಲ್ಲಿ ಕಾಣಿಸಿತು. ಮಾವ ನಮ್ಮತ್ತ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಅಲ್ಲೂ ಧೊಪ್.

ಮುಖ ಚಿಕ್ಕದಾಯಿತು. ಸೇಫ್ ಮೋಡಿನಲ್ಲೂ ಹೀಗಾದರೆ ಮನುಷ್ಯ ಯಾರನ್ನು ನಂಬುವುದು? ಆಗ ಮಗಳು ತನ್ನ ಹೆಸರಿನ ಖಾತೆಯಿಂದ ಒಳಗೆ ಹೋದಳು. ಅವಳ ಡೆಸ್ಕ್‌ಟಾಪು ಗೊಮ್ಮಟನ ಹಾಗೆ ನಿಂತಿತು. ಅಲುಗಲಿಲ್ಲ.

ಮಾವ ಕುರ್ಚಿಯಿಂದ ಎದ್ದೇಬಿಟ್ಟರು. "ಅಂದ್ಮೇಲೆ ಕಾಯಿಲೆ ಯಂತ್ರದ್ದಲ್ಲ, ನಿಂದು!" ನನ್ನ ಡೆಸ್ಕ್‌ಟಾಪಿನಲ್ಲಿ ಅರವತ್ತನಾಲ್ಕು ಫೈಲುಗಳಿದ್ದವು. ಲೇಖನ, ವಿಮೆಯ ರಸೀದಿ, ಗ್ಯಾಸಿನ ಅರ್ಜಿ, ಸಂಧ್ಯಾವಂದನೆಯ ಎಂಪಿ3, ಸಿಕ್ಕಿದ್ದೆಲ್ಲ. ಅದರಲ್ಲಿ ಒಂದು ಮಾಣಿಯನ್ನು ಕೆಡವುತ್ತಿತ್ತು.

ಇಲ್ಲಿಂದ ಮುಂದಿನ ಎರಡು ಗಂಟೆ ನಾನು ಕಂಡದ್ದು ರಿಪೇರಿಯಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಅದುಮಿ, ಟಾಸ್ಕ್ ಮ್ಯಾನೇಜರಿನಿಂದ ಸಿಎಂಡಿ ಎಂದು ಕೊಟ್ಟು ಕಪ್ಪು ಕಿಟಕಿ ತೆರೆದರು. ಮಾಣಿ ಬಿದ್ದರೂ ಆ ಕಿಟಕಿ ಬೀಳುವುದಿಲ್ಲ. ಕಪ್ಪಿನ ಮೇಲೆ ಬಿಳಿ ಅಕ್ಷರ ಕಂಡದ್ದೇ ಮಾವನ ಬೆನ್ನು ನೆಟ್ಟಗಾಯಿತು. ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಶಾಖೆಯಲ್ಲಿ ಕೂತಿದ್ದರು.

"ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂದ್ರೆ ಏನು ಮಾಡ್ತಿದ್ವಿ ಗೊತ್ತೇನು? ವ್ಯತ್ಯಾಸ ಒಂಬತ್ತರಿಂದ ಭಾಗ ಆದ್ರೆ ಅಂಕಿ ಹಿಂದುಮುಂದು ಆಗಿರಬಹುದು, 45 ಬದಲು 54. ಜಮಾದ್ದು ಖರ್ಚಿಗೆ ಬಿದ್ದಿದ್ರೆ ವ್ಯತ್ಯಾಸ ಎರಡರಷ್ಟು, ಅರ್ಧ ಮಾಡಿ ಹುಡುಕು. ಯಾವುದೂ ಅಲ್ಲ ಅಂದ್ರೆ? ಲೆಡ್ಜರನ್ನ ಅರ್ಧ ಮಾಡು. ಯಾವ ಅರ್ಧದಲ್ಲಿ ತಪ್ಪಿದೆ? ಅದನ್ನ ಮತ್ತೆ ಅರ್ಧ ಮಾಡು. ರಾತ್ರಿ ಹನ್ನೊಂದಕ್ಕೆ ಹದಿನೇಳು ಪೈಸೆ ಹುಡುಕಿ ಮನೆಗೆ ಹೋಗಿದೀನಿ ಕಣಯ್ಯ."

ಮೂವತ್ತೆರಡು ಫೈಲು ಬೇರೆ ಕಡೆ ಸರಿಸಿದರು. ರೀಸ್ಟಾರ್ಟ್. ಬಿತ್ತು. ಹಾಗಾದರೆ ಉಳಿದ ಮೂವತ್ತೆರಡರಲ್ಲಿದೆ. ಹದಿನಾರು ಸರಿಸಿದರು. ನಿಂತಿತು! ಹಾಗಾದರೆ ಸರಿಸಿದ ಹದಿನಾರರಲ್ಲಿದೆ. ಪ್ರತಿ ಸಲ ಇಡೀ ಯಂತ್ರವನ್ನು ಆರಿಸಿ ಎಬ್ಬಿಸುವ ಅಗತ್ಯವೇ ಇರಲಿಲ್ಲ. ಮಗಳು ಅದನ್ನು ಹೇಳಲು ಹೋಗಿ ಅಮ್ಮನ ಕಣ್ಣು ನೋಡಿ ಸುಮ್ಮನಾದಳು. ರೀಸ್ಟಾರ್ಟಿಗೊಂದು ಕಾಫಿ ಎಂಬ ಲೆಕ್ಕ ತಾನಾಗಿ ಕುದುರಿಬಿಟ್ಟಿತ್ತು. ಎಂಟು. ನಾಲ್ಕು. ಎರಡು. ಆರನೇ ಕಾಫಿಗೆ ಡಿಕಾಕ್ಷನ್ನು ತಳ ಕಂಡಿತ್ತು.

ಕೊನೆಗೆ ಒಂದೇ ಉಳಿಯಿತು. ಮಾವ ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಂತೆ ಬಗ್ಗಿ ಗಟ್ಟಿಯಾಗಿ ಓದಿದರು: "ಷಷ್ಟಿ. ಡಾಟ್. ಎ, ವಿ, ಐ."

ಆಮೇಲೆ ಓದಲಿಲ್ಲ.

ಅವರದೇ ಷಷ್ಟ್ಯಬ್ದಿ. ಹಿಂದಿನ ಸಂಜೆ ಪೆನ್‌ಡ್ರೈವಿನಲ್ಲಿ ತಾವೇ ತಂದು, ತಾವೇ ನನ್ನ ಡೆಸ್ಕ್‌ಟಾಪಿಗೆ ಹಾಕಿ, ಕರೆಂಟು ಹೋಯಿತೆಂದು ಹಾಗೇ ಎದ್ದು ಹೋಗಿದ್ದರು. ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿ "ನೋಡಿದ್ರಾ?" ಎಂದು ಕೇಳಿದ್ದರು. ಮೂರು ಗಂಟೆಯ ವಿಡಿಯೋ. ನನ್ನ ಹೆಂಡತಿ ಹುಳಿಗೆ ಒಗ್ಗರಣೆ ಹಾಕುತ್ತಲೇ "ನೋಡಿದ್ವಿ ಮಾವ, ಕಣ್ಣಲ್ಲಿ ನೀರು ಬಂತು" ಎಂದಿದ್ದಳು. ಒಗ್ಗರಣೆಗೆ ಬಂದಿದ್ದೂ ನಿಜ.

ಮಾವ ಫೈಲನ್ನು ವಿಚಾರಿಸಿದರು. ಅರ್ಧಕ್ಕೇ ತುಂಡಾಗಿತ್ತು. ಅವರ ಮನೆಯಲ್ಲಿ ನಕಲು ಮುಗಿಯುವ ಮುಂಚೆ ಯಾರೋ ಪೆನ್‌ಡ್ರೈವನ್ನು ಎಜೆಕ್ಟ್ ಕೊಡದೆ ಕಿತ್ತಿದ್ದರು. ಯಾರೆಂದು ನಾವು ಕೇಳಲಿಲ್ಲ. ಮಗಳು ಮಾತ್ರ ತಟ್ಟೆ ಎಂಬ ಶಬ್ದವನ್ನು ಬಾಯೊಳಗೇ ನುಂಗಿದ್ದು ನನಗೆ ಕಾಣಿಸಿತು.

ಮಾವ ನಿಧಾನವಾಗಿ ಚೀಲ ತುಂಬಿದರು. ಬ್ರಷ್ಷು, ಟಾರ್ಚು, ರಬ್ಬರು, ಮಿಕ್ಕ ತಿರುಪು. ಬಾಗಿಲ ಹತ್ತಿರ ಚಪ್ಪಲಿಗೆ ಕಾಲು ತೂರಿಸುತ್ತ ನಿಂತರು.

"ಏನಮ್ಮಾ, ಹಾರ ಹಾಕ್ಕೊಳ್ಳೋದು ಚೆನ್ನಾಗಿ ಬಂದಿತ್ತು, ಅಲ್ವಾ?"

"ಹೂಂ ಮಾವ, ತುಂಬಾ ಚೆನ್ನಾಗಿ."

"ಹಾರ ಕೊನೇಲಿ ಬರುತ್ತೆ" ಎಂದರು ಮಾವ, ಗೇಟಿನ ಕಡೆ ನೋಡುತ್ತ. ಯಾರೂ ಮಾತಾಡಲಿಲ್ಲ. "ಇರಲಿ. ಸಂಜೆ ಐದಕ್ಕೆ ಒಳ್ಳೇ ಕಾಪಿ ತರ್ತೀನಿ. ಎಲ್ರೂ ಒಟ್ಟಿಗೆ ಕೂತು ನೋಡೋಣ. ಅತ್ತೇನೂ ಕರ್ಕೊಂಡು ಬರ್ತೀನಿ."

ಹೆಂಡತಿ ಡಿಕಾಕ್ಷನ್ನಿಗೆ ನೀರು ಕಾಯಿಸಲು ಒಳಗೆ ಹೋದಳು.